ದಾಯವಿಭಾಗವೂ ಬಾಳಿನ ಹಂತಗಳೂ



2022ರ ಕಾರ್ತಿಕ ಮಾಸದಲ್ಲಿ ಆಳಂದ ತಾಲ್ಲೂಕಿನ ಮಟಕಿಯ ಕಡೆಯಿಂದ ಅಣ್ಣತಮ್ಮಂದಿರಿಬ್ಬರು ಮಠಕ್ಕೆ ಬಂದಿದ್ದರು. ಮುತ್ತಜ್ಜನ ಕಾಲದಿಂದ ಬಂದ ಹನ್ನೆರಡು ಎಕರೆ ಎರೆಯ ಹೊಲ ಅವರದು. ತಾಯಿ ಮೊದಲೇ ಲಿಂಗೈಕ್ಯಳಾಗಿದ್ದಳು. ತಂದೆ 2008ರಲ್ಲಿ ತೀರಿಕೊಂಡಿದ್ದನು. ಹದಿನಾಲ್ಕು ವರುಷ ಕಳೆದರೂ ಪಹಣಿಯಲ್ಲಿ ತಂದೆಯ ಹೆಸರೇ ಉಳಿದಿತ್ತು. ಬದುವಿನ ಮೇಲಿನ ಒಂದು ಬೇವಿನ ಮರದ ನಿಮಿತ್ತವಾಗಿ ಇಬ್ಬರಲ್ಲಿ ಮಾತು ನಿಂತು ಎರಡು ಸುಗ್ಗಿಗಳು ಕಳೆದಿದ್ದವು. ಅವರ ಹಿಂದೆ ಅಫಜಲಪುರದ ಕಡೆಗೆ ಕೊಟ್ಟಿದ್ದ ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಅರ್ಧ ತಾಸು ಮಾತು ನಡೆದರೂ ಅವಳ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ತಂದೆ ಇದ್ದಾಗಲೇ ಈ ಮಾತನ್ನೇಕೆ ತೆಗೆಯಲಿಲ್ಲವೆಂದು ನಾವು ಕೇಳಿದೆವು. ಹಿರಿಯನು ತಲೆ ತಗ್ಗಿಸಿ, “ನಮ್ಮಪ್ಪನ ಮುಂದ ಪಾಲಿನ ಮಾತು ಹ್ಯಾಂಗ ತೆಗಿಬೇಕ್ರಿ ಅಪ್ಪಾವರ? ನಾ ಸಾಯೋದು ಕಾಯ್ಲಾಕತ್ತಾರ ಅಂತ ತಿಳಕೊಂತಿದ್ದ” ಎಂದನು.

ಈ ಒಂದು ಮಾತಿನಲ್ಲಿ ನಮ್ಮ ಸೀಮೆಯ ನೂರಾರು ಮನೆಗಳ ಕಥೆಯಿದೆ. ಪಾಲಿನ ವಿಚಾರವೆಂದರೆ ಸಾವಿನ ವಿಚಾರ. ಬದುಕಿರುವವರ ಮುಂದೆ ಅದನ್ನು ಆಡಬಾರದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಇದು ನಮ್ಮ ಹಿರಿಯರ ಶಾಸ್ತ್ರದ ಮಾತಲ್ಲ. ಪಾಲೆಂಬುದು ಬಾಳಿನ ಒಂದೊಂದು ಹಂತಕ್ಕೂ ಸಂಬಂಧಿಸಿದುದೆಂದು ತಿಳಿದು, ಗರ್ಭದಲ್ಲಿರುವ ಶಿಶುವಿನಿಂದ ಹಿಡಿದು ವೃದ್ಧ ತಂದೆಯವರೆಗೆ ಎಲ್ಲರ ಹಿತವನ್ನೂ ಚಿಂತಿಸಿದ ಗ್ರಂಥವೊಂದು ನಮ್ಮ ಈ ನೆಲದಲ್ಲಿಯೇ ಹುಟ್ಟಿತು. ಭಾರತದ ಬಹುಭಾಗವನ್ನು ಶತಮಾನಗಳ ಕಾಲ ಆಳಿದ ಆ ಗ್ರಂಥವನ್ನು ಅದು ಹುಟ್ಟಿದ ನೆಲದವರಾದ ನಾವೇ ಮರೆತಿರುವುದು ಸೋಜಿಗವಲ್ಲವೆ?

ಆಸ್ತಿಯನ್ನು ತೊರೆದವನು ಬರೆದ ಆಸ್ತಿಶಾಸ್ತ್ರ

ಮಟಕಿಯಿಂದ ಈಶಾನ್ಯಕ್ಕೆ ನಡೆದರೆ ಇಂದಿನ ಬಸವಕಲ್ಯಾಣ. ಶರಣರ ಕಾಲಕ್ಕಿಂತ ಎರಡು ತಲೆಮಾರುಗಳಷ್ಟು ಹಿಂದೆ ಅದು ಚಾಲುಕ್ಯರ ರಾಜಧಾನಿಯಾಗಿ ಮೆರೆಯುತ್ತಿತ್ತು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನೆಂಬ ವಿದ್ವಾಂಸನಿದ್ದನು. ಭಾರದ್ವಾಜ ಗೋತ್ರದ ಪದ್ಮನಾಭಭಟ್ಟನ ಮಗನಾದ ಈತನು ಸಂನ್ಯಾಸಿಯಾಗಿದ್ದನು. ಕಲಬುರಗಿಯ ಆಗ್ನೇಯಕ್ಕೆ, ಶಹಾಬಾದಿನ ಸಮೀಪದಲ್ಲಿರುವ ಮರತೂರೇ ಅವನ ಊರೆಂದು ಈ ಭಾಗದ ವಿದ್ವಾಂಸರು ಗುರುತಿಸಿದ್ದಾರೆ. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರ. ಮಿತವಾದ ಅಕ್ಷರಗಳಲ್ಲಿ ಹೇಳಿದ್ದು ಎಂದು ಅದರ ಅರ್ಥ. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣದಂತಹ ನಗರವಿಲ್ಲ, ವಿಕ್ರಮನಂತಹ ಅರಸನಿಲ್ಲ ಎಂದು ಹಿಗ್ಗಿ ನುಡಿದಿದ್ದಾನೆ.

ಆಸ್ತಿಯನ್ನೆಲ್ಲ ತೊರೆದ ಯತಿಯೊಬ್ಬನು ಆಸ್ತಿಯ ವಿಭಾಗದ ಬಗೆಗೆ ಇಷ್ಟು ಸೂಕ್ಷ್ಮವಾಗಿ ಬರೆದುದು ವಿಚಿತ್ರವೆನಿಸಬಹುದು. ಪೂರ್ವಾಶ್ರಮದ ಪಾಲನ್ನು ಬಿಟ್ಟುಬಂದ ನಮಗಂತೂ ಅದು ವಿಚಿತ್ರವೆನಿಸಿಲ್ಲ. ಪಾಲಿನಲ್ಲಿ ಭಾಗಿಯಲ್ಲದವನಿಗೆ ಪಾಲಿನ ನ್ಯಾಯವು ನಿಚ್ಚಳವಾಗಿ ಕಂಡೀತು.

ವಿಜ್ಞಾನೇಶ್ವರನು ಎತ್ತಿದ ಮೊದಲ ಪ್ರಶ್ನೆಯೇ ಮೂಲಭೂತವಾದುದು. ಒಡೆತನವೆಂಬುದು ಎಲ್ಲಿಂದ ಬರುತ್ತದೆ? ಶಾಸ್ತ್ರದಿಂದಲೋ ಲೋಕದಿಂದಲೋ? ಅದು ಲೌಕಿಕವೆಂದೇ ಅವನ ನಿರ್ಣಯ. ಶಾಸ್ತ್ರವನ್ನೇ ಕಂಡರಿಯದ ಗಡಿನಾಡಿನ ಜನರಲ್ಲಿಯೂ ಕೊಡುವುದು, ಕೊಳ್ಳುವುದು, ತನ್ನದೆನ್ನುವುದು ನಡೆದೇ ಇದೆಯಷ್ಟೆ ಎಂದು ಅವನು ಕೇಳುತ್ತಾನೆ. ಎರಡನೆಯದು ಇನ್ನೂ ದೊಡ್ಡ ಮಾತು. ತಂದೆಯ ಹಾಗೂ ಅಜ್ಜನ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆಯ ಸಾವಿನಿಂದಲ್ಲ, ತನ್ನ ಹುಟ್ಟಿನಿಂದಲೇ. ಇದನ್ನು ಅವನು ಅಪ್ರತಿಬಂಧ ದಾಯ, ಅಂದರೆ ಅಡ್ಡಿಯಿಲ್ಲದೆ ಬರುವ ದಾಯವೆಂದು ಕರೆದನು. ಮಕ್ಕಳಿಲ್ಲದ ಅಣ್ಣನದೋ ಚಿಕ್ಕಪ್ಪನದೋ ಆಸ್ತಿಯು ಅವರ ಜೀವಿತವು ಅಡ್ಡವಾಗಿರುವ ತನಕ ನಮಗೆ ಬಾರದು. ಅದು ಸಪ್ರತಿಬಂಧ ದಾಯ. ಬಂಗಾಳದಲ್ಲಿ ಜೀಮೂತವಾಹನನು ತನ್ನ ದಾಯಭಾಗವೆಂಬ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾಗಿ, ತಂದೆಯ ಒಡೆತನವು ಅಳಿದ ಮೇಲೆಯೇ ಮಗನ ಒಡೆತನವು ಹುಟ್ಟುವುದೆಂದನು. ಬಂಗಾಳದ ಕಡೆ ಜೀಮೂತವಾಹನನ ಮತವೂ ಉಳಿದೆಡೆಯಲ್ಲಿ ಹೆಚ್ಚಾಗಿ ವಿಜ್ಞಾನೇಶ್ವರನ ಮತವೂ ನಿಂತವು.

ಜನ್ಮದಿಂದಲೇ ಹಕ್ಕು ಎಂಬ ಮಾತಿನ ಇಂಗಿತವನ್ನು ವಾಚಕರು ಗಮನಿಸಬೇಕು. ಹಕ್ಕು ಹುಟ್ಟಿನೊಡನೆ ಬಂದುದಾದರೆ ಅದರ ವಿಚಾರವನ್ನು ಸಾವಿಗಾಗಿ ಕಾಯಿಸಬೇಕಾಗಿಲ್ಲ.

ಮಿತಾಕ್ಷರದಲ್ಲಿ ಬಾಳಿನ ಹಂತಗಳು

ಪಾಲು ಯಾವಾಗ ಆಗಬೇಕು? ತಂದೆಯು ತಾನೇ ಇಚ್ಛಿಸಿದಾಗ ಆಗಬಹುದು. ತಾಯಿಗೆ ಇನ್ನು ಮಕ್ಕಳಾಗುವ ಕಾಲವು ಕಳೆದು, ತಂದೆಗೆ ಧನದಲ್ಲಿಯೂ ಭೋಗದಲ್ಲಿಯೂ ಆಸೆ ಉಡುಗಿದಾಗ, ಅವನಿಗೆ ಇಷ್ಟವಿಲ್ಲದಿದ್ದರೂ ಮಕ್ಕಳ ಇಚ್ಛೆಯಿಂದ ಆಗಬಹುದು. ತಂದೆಯು ದುರ್ಮಾರ್ಗಕ್ಕೆ ಬಿದ್ದಾಗ ಅಥವಾ ಮಾಯದ ರೋಗದಿಂದ ನರಳುವಾಗಲೂ ಆಗಬಹುದು. ಕೊನೆಯದಾಗಿ, ತಂದೆಯು ತೀರಿದ ಮೇಲೆ ಆಗಬಹುದು. ಹೇಳಿದ ಕಾಲಗಳಲ್ಲಿ ಸಾವಿನ ನಂತರದ್ದು ಒಂದೇ ಒಂದು ಎಂಬುದನ್ನು ನೋಡಿರಿ. ಉಳಿದವೆಲ್ಲ ತಂದೆಯು ಕಣ್ಣೆದುರಿಗಿರುವಾಗಿನವೇ.

ತಾಯಿಯು ಗರ್ಭಿಣಿಯೆಂಬುದು ಕಾಣುತ್ತಿದ್ದರೆ ಹೆರಿಗೆಯಾಗುವವರೆಗೆ ಕಾದು ಪಾಲು ಮಾಡಬೇಕು. ಪಾಲಾದ ಮೇಲೆ ಮಗು ಹುಟ್ಟಿದರೆ ತಂದೆತಾಯಿಗಳ ಪಾಲಿಗೆ ಬಂದುದು ಅದಕ್ಕೆ ಸಲ್ಲಬೇಕು. ಹುಟ್ಟಿದವರು, ಇನ್ನೂ ಹುಟ್ಟದವರು, ಗರ್ಭದಲ್ಲಿರುವವರು, ಇವರೆಲ್ಲರಿಗೂ ಜೀವನಾಧಾರವು ಬೇಕಾಗಿರುವುದರಿಂದ ನೆಲವನ್ನು ಮನಬಂದಂತೆ ದಾನಮಾಡಲೂ ಮಾರಲೂ ಬಾರದು. ಆಪತ್ತು ಬಂದಾಗ, ಕುಟುಂಬದ ಸಲುವಾಗಿ, ಧರ್ಮಕಾರ್ಯದ ಸಲುವಾಗಿ ಮಾತ್ರ ಅದಕ್ಕೆ ವಿನಾಯಿತಿ. ತಂದೆಯು ಜೀವಂತವಿದ್ದು ಮಕ್ಕಳಿಗೆ ಸಮಪಾಲು ಹಂಚುವಾಗ, ಸ್ತ್ರೀಧನವನ್ನು ಪಡೆಯದ ಹೆಂಡತಿಗೂ ಅಷ್ಟೇ ಪಾಲು. ತಂದೆಯು ತೀರಿದ ಮೇಲೆ ಮಕ್ಕಳು ಹಂಚಿಕೊಂಡರೆ ತಾಯಿಗೂ ಸಮಪಾಲು. ಮನೆತನದ ಆಸ್ತಿಗೆ ಊನವಾಗದಂತೆ ಒಬ್ಬನು ತನ್ನ ವಿದ್ಯೆಯಿಂದ ಗಳಿಸಿದ್ದು ಅವನಿಗೇ. ತಂದೆಯ ಸಾಲವನ್ನು ಮಕ್ಕಳು ತೀರಿಸಬೇಕು. ಆದರೆ ಕುಡಿತ ಜೂಜುಗಳ ಸಾಲವು ಅವರನ್ನು ಕಟ್ಟಿಹಾಕದು. ಬೇರೆಯಾಗಿದ್ದ ಗಂಡನು ಗಂಡುಮಕ್ಕಳಿಲ್ಲದೆ ತೀರಿದರೆ ಮೊದಲು ಹೆಂಡತಿ, ಬಳಿಕ ಹೆಣ್ಣುಮಕ್ಕಳು, ಆಮೇಲೆ ತಾಯಿ, ತದನಂತರ ತಂದೆ. ತಂದೆಗಿಂತ ತಾಯಿಯನ್ನು ಮುಂದಿರಿಸಿದ ವಿಜ್ಞಾನೇಶ್ವರನ ಈ ಕ್ರಮವು ಗಮನಾರ್ಹವಾದುದು.

ಸ್ತ್ರೀಧನದ ವಿಷಯದಲ್ಲಿಯಂತೂ ಅವನ ಮನಸ್ಸು ವಿಶಾಲವಾಗಿತ್ತು. ತವರಿನವರೂ ಗಂಡನೂ ಕೊಟ್ಟುದು ಮಾತ್ರವಲ್ಲ, ದಾಯವಾಗಿ ಬಂದುದು, ಕೊಂಡುದು, ಪಾಲಿನಲ್ಲಿ ದೊರೆತುದು, ಎಲ್ಲವೂ ಸ್ತ್ರೀಧನವೇ ಎಂದು ಅವನು ವ್ಯಾಖ್ಯಾನಿಸಿದನು.

ಇಷ್ಟು ಹೇಳಿ ದೋಷಗಳನ್ನು ಮುಚ್ಚಿಡುವುದು ಇತಿಹಾಸಕಾರನಿಗೆ ಸಲ್ಲದು. ಜನ್ಮದ ಹಕ್ಕು ಗಂಡುಮಕ್ಕಳಿಗೆ ಮಾತ್ರವಿತ್ತು. ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ತಂಗಿಗೆ ನಾಲ್ಕನೆಯ ಒಂದಂಶವನ್ನು ಕೊಡಬೇಕೆಂಬ ವಿಧಿಯಿದ್ದಿತಾದರೂ ಮದುವೆಯಾಗಿ ಹೋದವಳಿಗೆ ಆ ಹೊಲದಲ್ಲಿ ಹೆಜ್ಜೆಯಿಡುವಷ್ಟೂ ನೆಲವಿರಲಿಲ್ಲ. ಕುರುಡರು, ಕಿವುಡರು, ಬುದ್ಧಿಮಾಂದ್ಯರು ಮುಂತಾದವರಿಗೆ ಅನ್ನವಸ್ತ್ರವುಂಟು, ಪಾಲಿಲ್ಲ ಎಂದಿತ್ತು. ಇವು ಆ ಕಾಲದ ಕಣ್ಣಿನ ಮಿತಿಗಳು.

ಕಲ್ಯಾಣದ ಗ್ರಂಥ ಕಲ್ಕತ್ತೆಯಲ್ಲಿ

ವಾರನ್ ಹೇಸ್ಟಿಂಗ್ಸನು 1772ರಲ್ಲಿ ಬಂಗಾಳದ ನ್ಯಾಯವ್ಯವಸ್ಥೆಯನ್ನು ರೂಪಿಸಿದಾಗ ಹಿಂದೂಗಳ ವಿವಾಹ, ದಾಯ ಮೊದಲಾದ ವಿಷಯಗಳನ್ನು ಅವರ ಶಾಸ್ತ್ರಗಳ ಪ್ರಕಾರ ತೀರ್ಮಾನಿಸಬೇಕೆಂದು ಗೊತ್ತುಮಾಡಿದನು. ಕೋಲ್‌ಬ್ರೂಕನು 1810ರಲ್ಲಿ ಮಿತಾಕ್ಷರದ ದಾಯವಿಭಾಗವನ್ನೂ ಜೀಮೂತವಾಹನನ ದಾಯಭಾಗವನ್ನೂ ಇಂಗ್ಲಿಷಿಗೆ ತಂದು ಕಲ್ಕತ್ತೆಯಲ್ಲಿ ಪ್ರಕಟಿಸಿದನು. ಅಂದಿನಿಂದ ಕಲ್ಯಾಣದ ಯತಿಯ ಮಾತು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ವಾದಕ್ಕೆ ಒಳಗಾಯಿತು. ಕಾಲದೇಶಗಳಿಗೆ ತಕ್ಕಂತೆ ಪಂಡಿತರು ಅರ್ಥೈಸಿಕೊಳ್ಳುತ್ತಿದ್ದ ವ್ಯಾಖ್ಯಾನವು ಕಾನೂನಿನ ಕಲ್ಲಕ್ಷರವಾಯಿತು. ಅದಷ್ಟೇ ಅಲ್ಲ, ಹೆಣ್ಣಿಗೆ ದಾಯವಾಗಿ ಬಂದುದೂ ಸ್ತ್ರೀಧನವೆಂಬ ವಿಜ್ಞಾನೇಶ್ವರನ ಉದಾರ ವ್ಯಾಖ್ಯಾನವನ್ನು ಪ್ರಿವಿ ಕೌನ್ಸಿಲು ಒಪ್ಪಲಿಲ್ಲ. ವಿಧವೆಗೆ ಗಂಡನಿಂದ ಬಂದ ಆಸ್ತಿಯಲ್ಲಿ ಬದುಕಿರುವ ತನಕ ಅನುಭವಿಸುವ ಸೀಮಿತ ಹಕ್ಕು ಮಾತ್ರ ಉಳಿಯಿತು. ಗ್ರಂಥದಲ್ಲಿದ್ದ ಕಟ್ಟು ನಿಂತಿತು, ಗ್ರಂಥದಲ್ಲಿದ್ದ ಕರುಣೆ ಸೋರಿಹೋಯಿತು.

ಮೃತ್ಯುಪತ್ರವೂ ಈ ಕಾಲದಲ್ಲಿ ನೆಲೆಯೂರಿದ್ದೇ. ಮಿತಾಕ್ಷರದಲ್ಲಿ ಅದರ ವಿಚಾರವಿಲ್ಲ. ಅಂದಿನ ತಂದೆಯು ಬಾಳಿನ ನಡುವೆಯೇ ಹಂಚಿಕೊಡುತ್ತಿದ್ದನು. 1870ರ ಹಿಂದೂ ಉಯಿಲುಗಳ ಕಾಯಿದೆಯಿಂದ ಮೊದಲುಗೊಂಡು ಸಾವಿನ ನಂತರ ಜಾರಿಗೆ ಬರುವ ಬರೆಹಕ್ಕೆ ಕ್ರಮಬದ್ಧವಾದ ರೂಪವು ಬಂದಿತು.

ಹೆಣ್ಣಿನ ಹಕ್ಕಿನ ಕಡೆಗೆ ಕಾನೂನು ಮೆಲ್ಲಮೆಲ್ಲನೆ ತಿರುಗಿತು. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಾಯಿತು. ಬ್ರಿಟಿಷ್ ಭಾರತದಲ್ಲಿ 1937ರಲ್ಲಿ ವಿಧವೆಗೆ ಗಂಡನ ಪಾಲನ್ನು, ಸೀಮಿತವಾಗಿಯಾದರೂ, ಕೊಡುವ ಕಾಯಿದೆಯಾಯಿತು. ಆಳಂದ, ಅಫಜಲಪುರ, ಜೇವರ್ಗಿಗಳು ಆಗ ನಿಜಾಮನ ಆಳಿಕೆಯಲ್ಲಿದ್ದುದರಿಂದ ಬೇರೆ ರಾಜ್ಯಗಳ ಈ ಕಾಯಿದೆಗಳು ತಾವಾಗಿಯೇ ಇಲ್ಲಿಗೆ ಬರುವಂತಿರಲಿಲ್ಲ. 1941ರಲ್ಲಿ, ಮತ್ತೆ 1944ರಲ್ಲಿ ಹಿಂದೂ ಕಾನೂನಿನ ಸುಧಾರಣೆಗಾಗಿ ನೇಮಿಸಿದ ಸಮಿತಿಯ ಅಧ್ಯಕ್ಷರು ಮಂಗಳೂರಿನಲ್ಲಿ ಜನಿಸಿದ ಬೆನೆಗಲ್ ನರಸಿಂಗರಾಯರು. ವಿಜ್ಞಾನೇಶ್ವರನು ಕಟ್ಟಿದುದನ್ನು ತಿದ್ದಲು ಹೊರಟವರಲ್ಲಿ ಮುಂದಾಳಾದವರೂ ಕನ್ನಡ ನಾಡಿನವರೇ ಎಂಬುದು ಸಂತೋಷದ ಸಂಗತಿ. ಆ ಮಸೂದೆಯನ್ನು ಹೊತ್ತು ಹೋರಾಡಿದ ಡಾ. ಅಂಬೇಡ್ಕರರು ಅದು ಅಂಗೀಕಾರವಾಗದೆ ಉಳಿದುದಕ್ಕೆ ನೊಂದು 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು.

1956ರಿಂದ ಇತ್ತೀಚೆಗೆ

1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳಿಕೆ ಮುಗಿಯಿತು. 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತು. ಅದೇ ವರ್ಷ ನವೆಂಬರ್ 1ರಂದು ನಮ್ಮ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಐದು ತಿಂಗಳೊಳಗೆ ಹೊಸ ಕಾನೂನೂ ಹೊಸ ರಾಜ್ಯವೂ ನಮಗೆ ದೊರೆತವು. ಆ ಕಾಯಿದೆಯು ಯಾರಿಗೆ ಅನ್ವಯಿಸುವುದೆಂದು ಹೇಳುವ ಎರಡನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಎರಡೂ ಹೆಸರುಗಳು ಕಾಣಿಸಿಕೊಂಡಿವೆ. ಆದುದರಿಂದ ಇದು ಬೇರೆಯವರ ಮನೆಯ ಕಾನೂನೆಂದು ನಮ್ಮ ವಾಚಕರು ಭಾವಿಸುವಂತಿಲ್ಲ.

ಆ ಕಾಯಿದೆಯು ಮಗ, ಮಗಳು, ಹೆಂಡತಿ, ತಾಯಿ ಇವರನ್ನು ಮೊದಲ ವರ್ಗದ ವಾರಸುದಾರರ ಸಾಲಿನಲ್ಲಿ ಕೂಡಿಸಿತು. ಹೆಣ್ಣಿನ ಸೀಮಿತ ಹಕ್ಕನ್ನು ಪೂರ್ಣ ಒಡೆತನವನ್ನಾಗಿ ಮಾಡಿತು. ವಿಜ್ಞಾನೇಶ್ವರನು ಸ್ತ್ರೀಧನದ ಬಗೆಗೆ ಹೇಳಿದ ಮಾತು ಎಂಟು ಶತಮಾನಗಳ ಮೇಲೆ ಹೀಗೆ ಹಿಂದಿರುಗಿ ಬಂದಿತೆನ್ನಬಹುದು. ಅಂಗವೈಕಲ್ಯದಿಂದ ಪಾಲು ತಪ್ಪುವ ನಿಯಮವೂ ಅಳಿಯಿತು. ಆದರೆ ಅವಿಭಕ್ತ ಕುಟುಂಬದ ಜನ್ಮಸಿದ್ಧ ಹಕ್ಕನ್ನು ಮಾತ್ರ ಗಂಡುಮಕ್ಕಳಿಗೇ ಉಳಿಸಿತು.

ಕರ್ನಾಟಕವು 1994ರ ಜುಲೈ 30ರಿಂದ ಮಗಳನ್ನೂ ಜನ್ಮದಿಂದ ಪಾಲುದಾರಳನ್ನಾಗಿ ಮಾಡಿತು. ಆದರೆ ಅಷ್ಟರೊಳಗೆ ಮದುವೆಯಾದವಳು ಹೊರಗುಳಿದಳು. ಮುಂದೆ 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯು ಮದುವೆಯಾದವಳು, ಆಗದವಳು ಎಂಬ ಭೇದವನ್ನು ತೊಡೆದುಹಾಕಿತು. ಆ ದಿನ ತಂದೆಯು ಬದುಕಿರಬೇಕೋ ಬೇಡವೋ ಎಂಬ ವಿವಾದವನ್ನು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಆಗಸ್ಟ್ 11ರಂದು ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದುದು, ತಂದೆಯು ಅಂದು ಬದುಕಿದ್ದನೇ ಎಂದು ಕೇಳಬೇಕಾಗಿಲ್ಲ ಎಂಬುದೇ ಆ ತೀರ್ಪು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಆದ ಪಾಲುಗಳು ಮಾತ್ರ ಅಬಾಧಿತ. ಮಗನಿಗಾಗಿ ಮಿತಾಕ್ಷರವು ಹೇಳಿದ ಜನ್ಮಸ್ವತ್ವವನ್ನು ಮಗಳಿಗೂ ಹೇಳಿದಾಗ ಆ ಸಿದ್ಧಾಂತವು ಪೂರ್ಣವಾಯಿತು.

ಲೆಕ್ಕದಿಂದ ಇದು ಸ್ಪಷ್ಟವಾದೀತು. ಮಟಕಿಯ ಆ ಹನ್ನೆರಡು ಎಕರೆಯನ್ನೇ ತೆಗೆದುಕೊಳ್ಳಿರಿ. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು; ತಾಯಿ ಮೊದಲೇ ತೀರಿದ್ದಾಳೆ. ಅವಿಭಕ್ತನಾಗಿದ್ದ ತಂದೆಯು 1956ಕ್ಕೆ ಮೊದಲು ತೀರಿದ್ದರೆ ಗಂಡುಮಕ್ಕಳಿಗೆ ಆರಾರು ಎಕರೆ, ಮಗಳಿಗೆ ಸೊನ್ನೆ. 1956ರ ಕಾಯಿದೆಯ ಮೇಲೆ, 1994ರ ಒಳಗೆ ತೀರಿದ್ದರೆ ಮೊದಲು ತಂದೆಗೂ ಇಬ್ಬರು ಮಕ್ಕಳಿಗೂ ನಾಲ್ಕು ನಾಲ್ಕು ಎಕರೆಯೆಂದು ಎಣಿಸಿ, ತಂದೆಯ ನಾಲ್ಕನ್ನು ಮೂವರಿಗೆ ಹಂಚಬೇಕು. ಆಗ ಗಂಡುಮಕ್ಕಳಿಗೆ ತಲಾ 5 ಎಕರೆ 13 ಗುಂಟೆಯ ಮೇಲೆ ಚೂರು, ಮಗಳಿಗೆ 1 ಎಕರೆ 13 ಗುಂಟೆಯ ಮೇಲೆ ಚೂರು. 2005ರ ತಿದ್ದುಪಡಿಯ ಮೇಲೆ ತೀರಿದರೆ ತಂದೆಗೂ ಮೂವರು ಮಕ್ಕಳಿಗೂ ಮೂರು ಮೂರು ಎಕರೆ. ತಂದೆಯ ಮೂರು ಎಕರೆಯನ್ನು ಮತ್ತೆ ಮೂವರೂ ಹಂಚಿಕೊಂಡರೆ ಪ್ರತಿಯೊಬ್ಬರಿಗೂ ನಾಲ್ಕು ಎಕರೆ. ನಮ್ಮ ಮುಂದೆ ನಿಂತ ಕುಟುಂಬದ ತಂದೆ ತೀರಿದ್ದು 2008ರಲ್ಲಿ. ಕಂಬಕ್ಕೆ ಒರಗಿ ನಿಂತವಳ ಪಾಲು ಸ್ಪಷ್ಟವಾಗಿತ್ತು. ಅದನ್ನು ಆಡಿ ತೋರಿಸುವವರು ಇರಲಿಲ್ಲ.

ಇಂದಿನ ಮನೆಗಳಿಗೆ

ಇತಿಹಾಸವನ್ನು ಓದಿ ಬದಿಗಿಟ್ಟರೆ ಪ್ರಯೋಜನವೇನು? ಬಾಳಿನ ಯಾವ ಹಂತದಲ್ಲಿ ಏನು ಮಾಡಬೇಕೆಂಬುದನ್ನು ಸಂಕ್ಷೇಪವಾಗಿ ನಿವೇದಿಸುತ್ತೇವೆ.

ಹೊಸದಾಗಿ ಮದುವೆಯಾದ, ಎಳೆಯ ಮಕ್ಕಳುಳ್ಳ ದಂಪತಿಗಳು ತಮಗಿನ್ನೂ ವಯಸ್ಸಾಗಿಲ್ಲವೆಂದು ತಿಳಿಯಬಾರದು. ಹೊಲ, ಮನೆ, ಬ್ಯಾಂಕಿನ ಖಾತೆ, ವಿಮೆ, ಸಾಲ, ಇವುಗಳ ಪಟ್ಟಿಯನ್ನು ಗಂಡಹೆಂಡಿರಿಬ್ಬರೂ ತಿಳಿದಿರಬೇಕು. ತಾವಿಬ್ಬರೂ ಇಲ್ಲವಾದರೆ ಮಕ್ಕಳ ಪಾಲಕರು ಯಾರೆಂಬುದನ್ನು ಮೃತ್ಯುಪತ್ರದಲ್ಲಿ ಹೆಸರಿಸಬಹುದು. ಅಪ್ರಾಪ್ತ ವಯಸ್ಸಿನ ಮಗುವಿನ ಸ್ವಂತ ಸ್ಥಿರಾಸ್ತಿಯನ್ನು ತಂದೆತಾಯಿಗಳೇ ಆದರೂ ನ್ಯಾಯಾಲಯದ ಅಪ್ಪಣೆಯಿಲ್ಲದೆ ಮಾರುವಂತಿಲ್ಲವೆಂದು 1956ರ ಅಪ್ರಾಪ್ತರ ಪಾಲಕತ್ವದ ಕಾಯಿದೆ ಹೇಳುತ್ತದೆ. ಇನ್ನು, ಬ್ಯಾಂಕಿನ ಖಾತೆಗೆ ನಾಮಿನಿಯೆಂದು ಹೆಸರು ಬರೆಸಿದ ಮಾತ್ರಕ್ಕೆ ಅವನು ಒಡೆಯನಾಗನು. ಅವನು ಹಣವನ್ನು ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವನು.

ಮಕ್ಕಳು ಬೆಳೆದುನಿಂತ ನಡುವಯಸ್ಸಿನವರು ತಮ್ಮ ಆಸ್ತಿಯಲ್ಲಿ ಯಾವುದು ಹಿರಿಯರಿಂದ ಬಂದ ಅವಿಭಕ್ತ ಆಸ್ತಿ, ಯಾವುದು ಸ್ವಂತ ಗಳಿಕೆ ಎಂಬುದನ್ನು ಬೇರ್ಪಡಿಸಿ ಬರೆದಿಡಬೇಕು. ನಮ್ಮ ಸೀಮೆಯಲ್ಲಿ 1974ರ ಭೂಸುಧಾರಣೆಯ ಬಳಿಕ ಗೇಣಿಯ ಹೊಲಕ್ಕೆ ಏಳನೆಯ ನಮೂನೆಯ ಅರ್ಜಿಯನ್ನು ಹಾಕಿದವನು ಅನೇಕ ಮನೆಗಳಲ್ಲಿ ಹಿರಿಯಣ್ಣ. ಉತ್ತವರು ಮನೆಯವರೆಲ್ಲ, ಹೆಸರು ಬಂದುದು ಒಬ್ಬನದು. ಅದು ಅವನೊಬ್ಬನದೋ ಮನೆತನದ್ದೋ ಎಂಬ ವ್ಯಾಜ್ಯವು ಮೊಮ್ಮಕ್ಕಳ ಕಾಲಕ್ಕೂ ಹರಿಯುತ್ತಿದೆ. ಬಲ್ಲವರು ಇನ್ನೂ ಬದುಕಿರುವಾಗಲೇ ಇದನ್ನು ಬರೆಹಕ್ಕೆ ಇಳಿಸುವುದು ಲೇಸು. ಪಾಲು ಮಾಡುವಾಗ ಎಕರೆ ಗುಂಟೆಗಳ ಜೊತೆಗೆ ಬಂಡಿಯ ದಾರಿ, ಬಾವಿಯ ನೀರು, ಬದುವಿನ ಮರ ಯಾರಿಗೆಂಬುದನ್ನೂ ಬರೆಸಿರಿ. ಮಳೆಯನ್ನೇ ನೆಚ್ಚಿ ಜೋಳ ತೊಗರಿ ಬೆಳೆಯುವ ನೆಲದಲ್ಲಿ ದಾರಿಯಿಲ್ಲದ ಪಾಲು ಪಾಲಲ್ಲ. ಊರ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆದ ಪಾಲನ್ನು ಇಂದಿನ ನ್ಯಾಯಾಲಯವು ಸುಲಭವಾಗಿ ಒಪ್ಪದು. ನೋಂದಾಯಿತ ವಿಭಾಗಪತ್ರವೇ ಭದ್ರ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ನಾಗರಪಂಚಮಿಗೆ ತಂಗಿಯನ್ನು ಕರೆತಂದು, ಜೋಕಾಲಿಯಾಡಿಸಿ, ಉಂಡಿ ತಿನ್ನಿಸಿ, ಮರುದಿನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಒಂದು ಸೀರೆಯೊಡನೆ ಕಳಿಸುವ ಪದ್ಧತಿಯನ್ನು ನಾವು ಕಂಡಿದ್ದೇವೆ. ಅವಳು ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ಹಿರಿಮೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಾಕಿದ ಸಹಿಯು ದಾನವೆನಿಸದು. ವರದಕ್ಷಿಣೆಯನ್ನು ಕೊಟ್ಟು ಪಾಲು ತೀರಿತೆಂಬ ವಾದವೂ ನಿಲ್ಲದು. 1961ರಿಂದಲೇ ಅದು ಕಾನೂನಿಗೆ ವಿರುದ್ಧವಾದ ಕೊಡುಗೆ.

ವೃದ್ಧರು ಮಮತೆಯ ಭರದಲ್ಲಿ ಎಲ್ಲವನ್ನೂ ದಾನಪತ್ರದಿಂದ ಬರೆದುಕೊಟ್ಟು ಬರಿಗೈಯಾಗಬಾರದು. ದಾನಪತ್ರವು ಅಂದೇ ಜಾರಿಗೆ ಬರುತ್ತದೆ. ಮನಸ್ಸು ಬದಲಾದ ಮಾತ್ರಕ್ಕೆ ಹಿಂದಕ್ಕೆ ಬಾರದು. ಮೃತ್ಯುಪತ್ರವಾದರೋ ಕೊನೆಯುಸಿರಿನವರೆಗೆ ತಿದ್ದಬಹುದಾದುದು, ಕಡೆಯದೇ ಸಿಂಧು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿದಾರರ ರುಜು ಬೇಕೇಬೇಕು. ಆಸ್ತಿಯನ್ನು ಪಡೆಯುವವರನ್ನೇ ಸಾಕ್ಷಿ ಮಾಡದಿರುವುದು ವಿವೇಕ. ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸಿದರೆ ಮುಂದೆ ಸಂಶಯಕ್ಕೆ ಎಡೆ ಕಡಿಮೆ. ತನ್ನ ಗಳಿಕೆಯನ್ನೂ, ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲನ್ನೂ ಮೃತ್ಯುಪತ್ರದಿಂದ ಕೊಡಬಹುದೇ ಹೊರತು ಮಕ್ಕಳ ಪಾಲನ್ನಲ್ಲ. ಜೀವಿಸಿರುವಾಗಲೇ ಕೊಡಬೇಕಾಗಿ ಬಂದರೆ ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಅಂತಹ ಷರತ್ತನ್ನು ಮಕ್ಕಳು ಮೀರಿದರೆ ಆ ಪತ್ರವನ್ನು ರದ್ದುಮಾಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ದಾರಿಯಿದೆ.

ಸಾವು ಸಂಭವಿಸಿದ ಮನೆಯವರು ದುಃಖ ತುಸು ತಣಿದೊಡನೆ ಪೌತಿ ಖಾತೆಗೆ ಅರ್ಜಿ ಕೊಡಬೇಕು. ವಿಧವೆಯಾದ ತಾಯಿಯ ಹೆಸರೂ ಹೆಣ್ಣುಮಕ್ಕಳ ಹೆಸರೂ ವಂಶಾವಳಿಯಲ್ಲಿ ತಪ್ಪದೆ ಬರಬೇಕು.

ಕೊನೆಯದಾಗಿ, ನಮ್ಮ ಕಡೆಯ ಮಾತನ್ನೂ ಹೇಳಬೇಕು. ಕೆಲವು ಭಕ್ತರು ಕೊನೆಗಾಲದಲ್ಲಿ ಹೊಲವನ್ನು ಮಠಕ್ಕೆ ಬರೆದುಕೊಡಲು ಬರುತ್ತಾರೆ. ಅಂಥವರಿಗೆ, ಮಗಳಿಗೆ ಕೊಟ್ಟಿರಾ, ಹೆಂಡತಿಗೆ ಇಟ್ಟಿರಾ ಎಂದು ನಾವು ಮೊದಲು ಕೇಳುತ್ತೇವೆ. ಕುಟುಂಬಕ್ಕೆ ಬಾಧಕವಾಗದಂತೆ ದಾನಮಾಡಬೇಕು, ಮಕ್ಕಳಿರುವಾಗ ಸರ್ವಸ್ವವನ್ನೂ ಕೊಟ್ಟುಬಿಡಬಾರದು ಎಂದು ಯಾಜ್ಞವಲ್ಕ್ಯನೂ ಅವನ ವ್ಯಾಖ್ಯಾನಕಾರನೂ ಹೇಳಿದ್ದಾರೆ. ಮಗಳ ಪಾಲನ್ನು ತಪ್ಪಿಸಿ ತಂದ ಕಾಳಿನಿಂದ ನಡೆದ ದಾಸೋಹವು ದಾಸೋಹವಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದುತಂದ ಅಕ್ಕಿಯನ್ನು ಮರಳಿ ಚೆಲ್ಲಿ ಬರಲು ಗಂಡನಿಗೆ ಹೇಳಿದ ಲಕ್ಕಮ್ಮನ ನಾಡು ಇದು.

ಮಟಕಿಯ ಆ ಅಣ್ಣತಮ್ಮಂದಿರಿಗೆ ಅಂದು ನಾವು ಈ ಲೆಕ್ಕವನ್ನೇ ಹೇಳಿದೆವು. ಹಿರಿಯನು ಬೆರಳು ಮಡಿಚಿ ಮಡಿಚಿ ಎಣಿಸಿದನು. ಕಿರಿಯನು ಮೊದಲ ಸಲ ಹಿಂದಿರುಗಿ ಅಕ್ಕನ ಮುಖವನ್ನು ನೋಡಿದನು. ಅವಳು, “ನನಗ ಹಳ್ಳದ ದಂಡಿ ಹೊಲ ಬ್ಯಾಡ್ರಿ, ದಾರಿ ಇರೋ ಹೊಲ ಕೊಡ್ರಿ” ಎಂದಷ್ಟೇ ಹೇಳಿದಳು. ಬೇಡುವ ದನಿ ಅದರಲ್ಲಿರಲಿಲ್ಲ. ಪಾಲುದಾರಳೊಬ್ಬಳು ಪಾಲಿನ ಮಾತನ್ನಾಡಿದ್ದಳು. ಮರುವರ್ಷದ ಮುಂಗಾರಿಗೆ ಮೊದಲು ಪಹಣಿಯ ಪ್ರತಿಯೊಂದು ಮಠಕ್ಕೆ ಬಂದಿತು. ಅದರಲ್ಲಿ ಮೂರು ಹೆಸರುಗಳಿದ್ದವು. ಬೇವಿನ ಮರವು ಬದುವಿನ ಮೇಲೆಯೇ ಇದೆಯೆಂದೂ, ನೆರಳು ಮೂವರಿಗೂ ಎಂದೂ ತಂದವನು ಹೇಳಿದನು.

2008ರಿಂದ ಕಲಬುರಗಿಯಲ್ಲಿಯೇ ಉಚ್ಚ ನ್ಯಾಯಾಲಯದ ಪೀಠವಿದೆ. ಮರತೂರಿಗೆ ಅದು ದೂರವಲ್ಲ. ವಿಜ್ಞಾನೇಶ್ವರನ ಊರಿನ ನೆರೆಯಲ್ಲಿ ಅಣ್ಣತಮ್ಮಂದಿರು ದಾವೆ ಹೂಡಿ ಮುಪ್ಪಾಗುವುದು ಬೇಡ. ವಾಚಕರೆ, ಮುಂದಿನ ಹಬ್ಬಕ್ಕೆ ಮಕ್ಕಳೂ ಹೆಣ್ಣುಮಕ್ಕಳೂ ಮನೆಯಲ್ಲಿ ಕೂಡಿದಾಗ ಹಿರಿಯರಾದ ನೀವೇ ಈ ಮಾತನ್ನು ತೆಗೆಯಿರಿ. ಮಕ್ಕಳು ತೆಗೆದರೆ ನಿಮಗೆ ನೋವಾದೀತು, ನೀವು ತೆಗೆದರೆ ಅವರಿಗೆ ಧೈರ್ಯವಾದೀತು. ಆಡಬೇಕಾದ ಮಾತನ್ನು ಆಡಬೇಕಾದ ಕಾಲದಲ್ಲಿ ಆಡಿದ ಮನೆಗೆ ಮಂಗಳವಾಗಲಿ.